ಮೈನಸ್ ಲಿಂಬೆಕಾಯಿ

ವಿಜಯಪುರ ಜಿಲ್ಲೆಯ ಇಂಡಿ ಹತ್ತಿರ ನಮ್ಮ ಕಾಕಾನ ಲಿಂಬೆ ತೋಟವಿದೆ. ಅಲ್ಲಿ ಕಾಯಿ ಎಣಿಸೋದು ಇವತ್ತಿಗೂ ಕೈಲೆಕ್ಕ. ಹಿಡಿಗೆ ಐದು, ಚೀಲಕ್ಕೆ ಸಾವಿರ. ನಡುವೆ ಯಾರಾದ್ರೂ ಮಾತಾಡಿಸಿದರೆ ಮತ್ತೆ ಮೊದಲಿಂದ! ಫೋನಿನ ಕ್ಯಾಮೆರಾದಲ್ಲೇ ಎಣಿಸೋ ಆ್ಯಪ್ ಮಾಡಿಕೊಡ್ತೀನಿ ಅಂತ ದೀಪಾವಳಿ ರಜೆಯಲ್ಲಿ ನಾನೇ ಬಾಯಿಬಿಟ್ಟೆ.

ಇಳಿಜಾರಾಗಿಟ್ಟ ತಗಡಿನ ಮೇಲೆ ಕಾಯಿ ಉರುಳಬೇಕು. ಮೇಲೆ ಕ್ಯಾಮೆರಾ ಕೆಳಗೆ ಮಾಡಿ ಮಲಗಿಸಿ ಕಟ್ಟಿದ ಫೋನು ನೋಡುತ್ತಿರಬೇಕು. ಚಿತ್ರದ ನಡುವೆ ಒಂದು ಅಡ್ಡಗೆರೆ. ಗೆರೆ ದಾಟಿ ಕೆಳಗಿಳಿದರೆ ಒಂದು ಕೂಡಿಸು, ಪುಟಿದು ಮೇಲೆ ಹೋದರೆ ಒಂದು ಕಳೆ.

ಅರ್ಧ ಬುಟ್ಟಿ ಉರುಳಿಸಿದರೂ ಸೊನ್ನೆ. ಪರದೆಯಲ್ಲಿ ಮಾತ್ರ ಕಾಯಿಗಳು ಚಂದಾಗಿ ಕೆಳಗಿಳಿಯುತ್ತಿದ್ದವು. ತಲೆಕೆಟ್ಟು, ಕ್ಯಾಮೆರಾ ಪ್ರೋಗ್ರಾಂಗೆ ಕೊಡೋ ಚಿತ್ರಗಳಲ್ಲಿ ಒಂದನ್ನು, ಅಂದರೆ ಒಂದು ಫ್ರೇಮನ್ನು, ಫೈಲಿಗೆ ಉಳಿಸಿ ತೆರೆದೆ. ಅಗಲ 640, ಎತ್ತರ 480. ತಗಡು ಅಡ್ಡ ಮಲಗಿತ್ತು, ಪಕ್ಕದಲ್ಲಿ ಕಾಕಾನ ಚಪ್ಪಲಿಯೂ ಅಡ್ಡ. ಕಾಯಿಗಳು ಗೆರೆ ದಾಟುತ್ತಲೇ ಇರಲಿಲ್ಲ, ಗೆರೆಗುಂಟ ಹೋಗುತ್ತಿದ್ದವು. ಲಿಂಬೆ ಗುಂಡಗಿರುತ್ತೆ, ಹೇಗೆ ತಿರುಗಿಸಿದರೂ ಲಿಂಬೆಯೇ ಅಲ್ವಾ? ಅದಕ್ಕೇ ಅಡ್ಡ ಚಿತ್ರದಲ್ಲೂ ಪ್ರೋಗ್ರಾಂ ಅದನ್ನು ಗುರುತಿಸುತ್ತಿತ್ತು, ತಪ್ಪು ಗೊತ್ತಾಗಲಿಲ್ಲ. ಮುಖ ಹುಡುಕೋ ಪ್ರೋಗ್ರಾಂ ಆಗಿದ್ದರೆ ಮೊದಲೇ ಕೈಕೊಟ್ಟು ತಪ್ಪು ತೋರಿಸುತ್ತಿತ್ತು.

ಫೋನಿನಲ್ಲಿ ಸೆನ್ಸರನ್ನು, ಅಂದರೆ ಕ್ಯಾಮೆರಾ ಒಳಗೆ ಚಿತ್ರ ಹಿಡಿಯೋ ಚಿಪ್ಪನ್ನು, ಕೂರಿಸಿರೋದೇ ಅಡ್ಡಡ್ಡ. ಪರದೆಗೆ ಬರುವ ಚಿತ್ರವನ್ನು ಫೋನೇ ತಿರುಗಿಸಿ ತೋರಿಸುತ್ತದೆ. ಪ್ರೋಗ್ರಾಂ ಕೈಗೆ ಬರೋ ಫ್ರೇಮು ಇದ್ದ ಹಾಗೇ ಬರುತ್ತದೆ. ಜೊತೆಗೆ ಎಷ್ಟು ಡಿಗ್ರಿ ತಿರುಗಿಸಬೇಕು ಅನ್ನೋ ಸಂಖ್ಯೆಯೂ ಇರುತ್ತದೆ. ಸಾಮಾನ್ಯವಾಗಿ 90, ಕೆಲವು ಫೋನಿನಲ್ಲಿ 270. ನಾನು ಅದನ್ನು ಓದಿಯೇ ಇರಲಿಲ್ಲ. ಓದಿ, ತಿರುಗಿಸಿದೆ. ಲೆಕ್ಕ ಓಡಿತು.

ರೊಟ್ಟಿ ಉಂಡು ಕೈತೊಳೆಯೋದರೊಳಗೆ ಕಾಕಾ ಕೂಗಿದರು.

"ತಮ್ಮಾ, ಇದು ಮೈನಸ್ ಹೊಂಟೈತಿ ನೋಡು. ನಮ್ಮ ಲಿಂಬಿಕಾಯಿ ವಾಪಸ್ ಗಿಡಕ್ಕ ಹೊಂಟಾವೇನು?"

ಪರದೆ ಮೇಲೆ -412. ಚಾರ್ಜರ್ ವಯರು ಮುಟ್ಟಲಿಲ್ಲ ಅಂತ ಅವರು ಫೋನನ್ನು ತಲೆಕೆಳಗು ಮಾಡಿ ಕಟ್ಟಿದ್ದರು.

ಸೆನ್ಸರಿನ ಡಿಗ್ರಿ ಅಷ್ಟೇ ಸಾಲದು, ಫೋನು ಹೇಗೆ ತಿರುಗಿದೆ ಅನ್ನೋದೂ ಬೇಕು. ಫೋನು ನೆಟ್ಟಗಿದ್ದರೆ ಭೂಮಿ ಎಳೆಯುವ ದಿಕ್ಕು ನೋಡಿ ಅದು ತಾನೇ ತಲೆ ಯಾವುದು, ಬುಡ ಯಾವುದು ಅಂತ ಹೇಳುತ್ತದೆ. ಆದರೆ ನಮ್ಮದು ಮಟ್ಟಸವಾಗಿ ಮಲಗಿದೆ, ಅದಕ್ಕೆ ಎಲ್ಲ ಕಡೆಯೂ ಒಂದೇ. ಆಂಡ್ರಾಯ್ಡ್ ಆಗ -1 ಅನ್ನುತ್ತದೆ, ಅಂದರೆ ಗೊತ್ತಿಲ್ಲ. ಸಂಜೆತನಕ ಒದ್ದಾಡಿ, ಕೊನೆಗೆ ಜಾಣತನ ಬಿಟ್ಟು ಪರದೆ ಮೇಲೆ ಸುಮ್ನೆ ಒಂದು ದೊಡ್ಡ ಬಾಣ ಹಾಕಿದೆ. ಒತ್ತಿದಷ್ಟೂ ಸಲ ಪ್ರೋಗ್ರಾಂ ನೋಡೋ ಚಿತ್ರ 90 ಡಿಗ್ರಿ ತಿರುಗುತ್ತದೆ.

ಕಾಕಾ ಈಗ ಫೋನು ಕಟ್ಟಿದ ಕೂಡಲೇ ಒಂದೇ ಒಂದು ಕಾಯಿ ಉರುಳಿಸಿ ನೋಡ್ತಾರೆ. ಒಂದು ಕೂಡಿತೋ, ಬುಟ್ಟಿ ಎತ್ತುತ್ತಾರೆ. ಇಲ್ಲಾಂದ್ರೆ ಬಾಣ ಒತ್ತುತ್ತಾರೆ.