ಬಾವಿ ಪಕ್ಕದ ಬಾಂಬು

ಬೀದರಿನವನು ನಾನು, ಅಲ್ಲಿನ ಗುರುದ್ವಾರದ ಚಿಲುಮೆ ನಾನಕ್ ಝೀರಾದ ನೀರು ಕುಡಿದು ಬೆಳೆದವನು. ಗುರು ನಾನಕರು ಕೊನೆಯ 18 ವರ್ಷ ಬಾಳಿದ ಕರ್ತಾರ್‌ಪುರ ಇರೋದು ಪಾಕಿಸ್ತಾನದಲ್ಲಿ, ಗಡಿಯಿಂದ ಬರೀ ನಾಲ್ಕೂವರೆ ಕಿಲೋಮೀಟರ್ ಆಚೆ. ಭಾರತದಿಂದ ನೇರವಾಗಿ ಅಲ್ಲಿಗೆ ಹೋಗುವ ದಾರಿ (ಕರ್ತಾರ್‌ಪುರ ಕಾರಿಡಾರ್) ತೆರೆಯುವ ಮುಂಚೆ ಭಕ್ತರು ಈ ಕಡೆ ಡೇರಾ ಬಾಬಾ ನಾನಕ್‌ನಲ್ಲಿ ನಿಂತು ದುರ್ಬೀನಿನಲ್ಲೇ ದರ್ಶನ ಮಾಡುತ್ತಿದ್ದರು.

2023ರ ಚಳಿಗಾಲದಲ್ಲಿ ನಾನು ಹೋದೆ. ವೀಸಾ ಬೇಕಿರಲಿಲ್ಲ, ಪಾಸ್‌ಪೋರ್ಟ್ ಬೇಕಿತ್ತು. ಆ ಕಡೆ 20 ಡಾಲರ್ ಕಟ್ಟಬೇಕಿತ್ತು, ಸಂಜೆಯೊಳಗೆ ವಾಪಸ್ ಬರಬೇಕಿತ್ತು.

ಈ ದಾರಿ ತೆರೆದ ಹೊತ್ತು ನೋಡಿ. 2019ರ ಆಗಸ್ಟ್‌ನಲ್ಲಿ ಕಾಶ್ಮೀರದ ವಿಷಯಕ್ಕೆ ಮನಸ್ತಾಪ ಜಾಸ್ತಿಯಾಗಿ ರೈಲು, ಬಸ್ಸು, ವ್ಯಾಪಾರ ಎಲ್ಲ ನಿಂತಿದ್ದವು. ಆದರೂ ನಾನಕರ 550ನೇ ಜಯಂತಿ ಅಂತ ನವೆಂಬರ್ 9ಕ್ಕೆ ಬಾಗಿಲು ತೆರೆಯಿತು. ದೇವರ ಹೆಸರು ಹೇಳಿ ಕರೆದವರಿಗೆ ಬರೋದಿಲ್ಲ ಅನ್ನೋದು ಕಷ್ಟ, ಅಲ್ವಾ? ಅದಕ್ಕೇ ಏನೋ, ಪಾಕಿಸ್ತಾನದ ಆಗಿನ ವಿದೇಶಾಂಗ ಮಂತ್ರಿ ಖುರೇಷಿ ಅದಕ್ಕೂ ಒಂದು ವರ್ಷ ಮೊದಲೇ ಇದನ್ನು ಆಗಿನ ಪ್ರಧಾನಿ ಇಮ್ರಾನ್ ಖಾನ್ ಎಸೆದ 'ಗೂಗ್ಲಿ' (ಬ್ಯಾಟ್ಸ್‌ಮನ್‌ನನ್ನು ಯಾಮಾರಿಸುವ ಚೆಂಡು) ಅಂದಿದ್ದರು. ಉದ್ಘಾಟನೆಯ ದಿನ ಇಮ್ರಾನ್ ಕೂಡ ಕಾಶ್ಮೀರದ ಮಾತು ಎತ್ತದೆ ಬಿಡಲಿಲ್ಲ.

ಗುರುದ್ವಾರದ ಒಳಗೆ ಬಿಳಿ ಕಲ್ಲಿನ ದೊಡ್ಡ ಅಂಗಳ. ನಾನಕರಿಗೆ ಇಲ್ಲಿ ಸಮಾಧಿಯೂ ಇದೆ, ಮಜಾರೂ (ಮುಸ್ಲಿಮರ ರೀತಿಯ ಗೋರಿ) ಇದೆ. ಹಿಂದೂಗಳು, ಮುಸ್ಲಿಮರು ಇಬ್ಬರೂ 'ನಮ್ಮವರು' ಅಂದಿದ್ದಕ್ಕೆ ಎರಡು. ಹಳೇ ಬಾವಿಯ ಹತ್ತಿರ ಒಂದು ಕಂಬ, ಅದರ ಮೇಲೆ ಗಾಜಿನ ಪೆಟ್ಟಿಗೆ, ಒಳಗೆ ಒಂದು ಬಾಂಬು! 1971ರಲ್ಲಿ ಭಾರತದ ವಾಯುಪಡೆ ಗುರುದ್ವಾರದ ಮೇಲೆ ಹಾಕಿದ್ದು, ಬಾವಿ ಅದನ್ನು ನುಂಗಿಕೊಂಡಿತು ಅಂತ ಫಲಕ ಹೇಳುತ್ತದೆ. ನನಗೆ ಸಿಟ್ಟೇ ಬಂತು. ಅತಿಥಿಯನ್ನು ಊಟಕ್ಕೆ ಕರೆದು, ನಿಮ್ಮಪ್ಪ ನಮ್ಮನೆಗೆ ಕಲ್ಲು ಹೊಡೆದಿದ್ದ ಅಂತ ಬಾಗಿಲಲ್ಲೇ ಬರೆದಿಟ್ಟ ಹಾಗೆ. ಪಕ್ಕದಲ್ಲಿದ್ದ ಪಂಜಾಬಿ ಅಜ್ಜ ಮಾತ್ರ ಫಲಕ ಓದಲೇ ಇಲ್ಲ. ಬಾವಿಗೆ ಹಣೆ ಮುಟ್ಟಿಸಿ ಮುಂದೆ ಹೋದ.

ಲಂಗರಿನಲ್ಲಿ, ಅಂದರೆ ಗುರುದ್ವಾರದ ಸಾಮೂಹಿಕ ಊಟದಲ್ಲಿ, ದಾಲ್, ರೊಟ್ಟಿ. ಪಕ್ಕದ ಸಾಲಿನಲ್ಲಿ ಲಾಹೋರಿನ ಒಂದು ಕುಟುಂಬ. ಬೀದರ್ ಅಂದರೆ ಅವರಿಗೆ ತಿಳಿಯಲಿಲ್ಲ. ಕರ್ನಾಟಕ ಅಂದೆ. "ಟಿಪ್ಪು ಸುಲ್ತಾನರ ಕಡೆಯವರಾ?" ಅಂದಳು ಅಜ್ಜಿ. ಸುಮ್ನೆ ಹೌದು ಅಂದೆ. ಝೀರಾದ ನೀರು ಬಾಟಲಿಯಲ್ಲಿತ್ತು, ಕೊಟ್ಟೆ. ಮಗ "ಕುದಿಸಿದ್ದಾ?" ಅಂತ ಕೇಳುವಷ್ಟರಲ್ಲಿ ಅಜ್ಜಿ ಅರ್ಧ ಖಾಲಿ ಮಾಡಿದ್ದಳು.

2025ರ ಮೇ 7ರಂದು ನಮ್ಮ ಸರ್ಕಾರ ಆ ದಾರಿ ಮುಚ್ಚಿತು. ಸುದ್ದಿ ಕೇಳಿದಾಗ ನನಗೆ ಮೊದಲು ನೆನಪಾಗಿದ್ದು ಆ ಅರ್ಧ ಬಾಟಲಿ.