ಮುಖ್ಯಸ್ಥರ ನೇಮಕ ಮತ್ತು ನಮ್ಮೂರ ಠಾಣೆಯ ಕುರ್ಚಿ

ರಾಜ್ಯಕ್ಕೆ ಹೊಸ ಡಿಜಿ ಮತ್ತು ಐಜಿಪಿ, ಅಂದರೆ ಪೊಲೀಸ್ ಮುಖ್ಯಸ್ಥರು, ಬಂದ ಸುದ್ದಿ ಓದಿದಾಗಲೆಲ್ಲ ನನಗೆ ನೆನಪಾಗುವುದು ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯ ಅಟ್ಟದಿಂದ ಕಳುವಾದ ನಾಲ್ಕು ಚೀಲ ಅಡಿಕೆ. ಮರುದಿನವೇ ದೂರು ಕೊಟ್ಟೆವು. ಪಿಎಸ್‌ಐ ಖುದ್ದಾಗಿ ಬಂದು, ಏಣಿಯ ಮೆಟ್ಟಿಲ ಮೇಲಿದ್ದ ಕೆಸರಿನ ಹೆಜ್ಜೆಯನ್ನು ಟಾರ್ಚ್ ಹಾಕಿ ನೋಡಿ, ಮಹಜರು ಬರೆಸಿ, ಮಾಲು ಯಾರ ಕೈಗೆ ಹೋಗಿರಬಹುದೆಂದು ಎರಡು ಹೆಸರುಗಳನ್ನೂ ಗುರುತು ಮಾಡಿಕೊಂಡರು. ಎರಡು ತಿಂಗಳೊಳಗೆ ಅವರಿಗೆ ವರ್ಗವಾಯಿತು. ನಂತರ ಬಂದವರು ಊರಿನ ದಾರಿಗಳನ್ನು ತಿಳಿದುಕೊಳ್ಳುವ ಹೊತ್ತಿಗೆ ಅವರೂ ಹೊರಟರು. ಮರುವರ್ಷ ಮೂರನೆಯವರ ಎದುರು ನಿಂತು ಅಪ್ಪಯ್ಯ ಅದೇ ಸಂಗತಿಯನ್ನು ಮೊದಲಿನಿಂದ ಹೇಳಿದ ದಿನ, ಠಾಣೆಯ ಅರ್ಧ ಸಿಬ್ಬಂದಿ ಗಣಪತಿ ಮೆರವಣಿಗೆಯ ಬಂದೋಬಸ್ತಿಗೆಂದು ಶಿವಮೊಗ್ಗಕ್ಕೆ ಹೋಗಿದ್ದರು. ರೈಟರ್ ಹುಡುಕಿ ತೆಗೆದ ಕಡತದಲ್ಲಿ ಮಹಜರಿನ ನಂತರ ಒಂದು ಹಾಳೆಯೂ ಸೇರಿರಲಿಲ್ಲ. ಕೊನೆಗೆ ಪತ್ತೆಯಾಗದ ಪ್ರಕರಣವೆಂದು ನ್ಯಾಯಾಲಯಕ್ಕೆ ಸಿ ರಿಪೋರ್ಟ್ ಹೋಯಿತು.

ಆ ಮೂವರಲ್ಲಿ ಯಾರನ್ನೂ ನಾನು ದೂರಲಾರೆ. ಕುರ್ಚಿಯಲ್ಲಿ ಇರುವಷ್ಟು ದಿನ ಅವರು ದುಡಿದರು; ಇರಲು ಬಿಡಲಿಲ್ಲ, ಅಷ್ಟೆ.

ಇಡೀ ದೇಶಕ್ಕೆ ಒಬ್ಬರೇ ಪೊಲೀಸ್ ಮುಖ್ಯಸ್ಥರೆಂಬ ಹುದ್ದೆ ನಮ್ಮಲ್ಲಿಲ್ಲ, ಏಕೆಂದರೆ ಸಂವಿಧಾನದ ಏಳನೇ ಅನುಸೂಚಿಯ ಪ್ರಕಾರ ಪೊಲೀಸ್ ವ್ಯವಸ್ಥೆ ರಾಜ್ಯಪಟ್ಟಿಗೆ ಸೇರಿದ್ದು. ಆದರೆ ರಾಜ್ಯದ ಮುಖ್ಯಸ್ಥರನ್ನು ಹೇಗೆ ಆರಿಸಬೇಕೆಂಬ ನಿಯಮ ಎಲ್ಲರಿಗೂ ಒಂದೇ. ನಿವೃತ್ತ ಡಿಜಿಪಿ ಪ್ರಕಾಶ್ ಸಿಂಗ್ 1996ರಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು ಕೊಟ್ಟ ತೀರ್ಪಿನಂತೆ, ಕೇಂದ್ರ ಲೋಕಸೇವಾ ಆಯೋಗವು ಪಟ್ಟಿ ಮಾಡಿದ ಮೂವರು ಹಿರಿಯ ಅಧಿಕಾರಿಗಳಲ್ಲಿ ಒಬ್ಬರನ್ನು ಸರ್ಕಾರ ಆರಿಸಿ ಕನಿಷ್ಠ ಎರಡು ವರ್ಷ ಹುದ್ದೆಯಲ್ಲಿರಿಸಬೇಕು. ಅದೇ ತೀರ್ಪು ಜಿಲ್ಲೆಯ ಎಸ್‌ಪಿಗೂ ಠಾಣಾಧಿಕಾರಿಗೂ ಎರಡು ವರ್ಷದ ಅವಧಿ ಹೇಳಿತು. ತನಿಖೆಯನ್ನು ಕಾನೂನು ಸುವ್ಯವಸ್ಥೆಯ ಕೆಲಸದಿಂದ ಬೇರ್ಪಡಿಸಬೇಕೆಂದಿತು. ಡಿವೈಎಸ್‌ಪಿ ಮತ್ತು ಅದಕ್ಕಿಂತ ಕೆಳಗಿನವರ ವರ್ಗಾವಣೆಯನ್ನು ಮುಖ್ಯಸ್ಥರೂ ನಾಲ್ವರು ಹಿರಿಯ ಅಧಿಕಾರಿಗಳೂ ಇರುವ ಮಂಡಳಿಗೆ ಒಪ್ಪಿಸಿತು. ಕರ್ನಾಟಕವು 1963ರ ಪೊಲೀಸ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ತಂದು ಈ ಮಂಡಳಿಗೆ ಕಾನೂನಿನ ನೆಲೆಯನ್ನೂ ಕೊಟ್ಟಿತು.

ನಮ್ಮೂರ ಕುರ್ಚಿಗೂ ಬೆಂಗಳೂರಿನ ನೇಮಕಕ್ಕೂ ಸಂಬಂಧ ಇರುವುದು ಇಲ್ಲಿಯೇ. ಶಾಸಕರ ಶಿಫಾರಸು ಪತ್ರ ಹಿಡಿದು ಬಂದವರಿಗೆ ‘ಆ ಪಿಎಸ್‌ಐ ಅವಧಿ ಮುಗಿದಿಲ್ಲ’ ಎಂದು ಹೇಳಬೇಕಾದ ಮಂಡಳಿಯ ಮುಂದಾಳಿನ ಸ್ವಂತ ಹುದ್ದೆಯೇ ಗಟ್ಟಿಯಾಗಿರದಿದ್ದರೆ ಆ ಮಾತು ಅವರ ಬಾಯಿಂದ ಹೊರಡುವುದು ಕಷ್ಟ. ಹಂಗಾಮಿ ಡಿಜಿಪಿಗಳನ್ನು ನೇಮಿಸಬಾರದೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಆದೇಶಿಸಿತ್ತು. ಹಾಗಿದ್ದೂ 2025ರ ಮೇ ತಿಂಗಳಲ್ಲಿ ನಮ್ಮ ರಾಜ್ಯದ ಪೊಲೀಸ್ ಮುಖ್ಯಸ್ಥ ಅಲೋಕ್ ಮೋಹನ್ ನಿವೃತ್ತರಾದಾಗ, ಎಂ.ಎ. ಸಲೀಂ ಅವರಿಗೆ ಮೊದಲು ಪ್ರಭಾರವನ್ನಷ್ಟೇ ವಹಿಸಿ, ಪೂರ್ಣ ಪ್ರಮಾಣದ ನೇಮಕವನ್ನು ಕೆಲವು ತಿಂಗಳ ನಂತರ ಮಾಡಲಾಯಿತು. ವ್ಯಕ್ತಿ ಯಾರೇ ಇರಲಿ, ಈ ಪ್ರಭಾರದ ಪದ್ಧತಿ ನನಗೆ ಸರಿ ಕಾಣುವುದಿಲ್ಲ. ನಿವೃತ್ತಿಯ ದಿನಾಂಕ ವರ್ಷಗಳ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ.

ಅದೇ ವರ್ಷ ಪೊಲೀಸರೇ ಮನೆಗಳಿಗೆ ಭೇಟಿ ಕೊಡುವ ‘ಮನೆ ಮನೆಗೆ ಪೊಲೀಸ್’ ಯೋಜನೆ ಆರಂಭವಾಯಿತು, ಪೇದೆಗಳ ಸ್ಲೋಚ್ ಹ್ಯಾಟ್ ಹೋಗಿ ಪೀಕ್ ಕ್ಯಾಪ್ ಬಂತು. ಮಳೆಯಲ್ಲಿ ನೆನೆದು ಭಾರವಾದ ಆ ಹಳೆಯ ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಅಂಗಳಕ್ಕೆ ಬಂದ ಬೀಟ್ ಪೇದೆಯನ್ನು ಕಂಡಿದ್ದೇನೆ, ಬದಲಾವಣೆ ಬೇಕಿತ್ತು. ಒಂದೊಂದು ಮನೆ ಒಂದೊಂದು ಗುಡ್ಡದ ಬುಡದಲ್ಲಿರುವ ಮಲೆನಾಡಿನಲ್ಲಿ ಪೊಲೀಸರೇ ಮನೆಗೆ ಬರುವುದಂತೂ ದೊಡ್ಡ ಮಾತು. ಆದರೆ ಹಾಗೆ ಬಂದವರು ಮುಂದಿನ ಕೊಯ್ಲಿಗೂ ಅದೇ ಠಾಣೆಯಲ್ಲಿ ಇರಬೇಕಲ್ಲ!

ರಾಜ್ಯದ ಪೊಲೀಸ್ ಮುಖ್ಯಸ್ಥರಲ್ಲಿ ನನ್ನದೊಂದೇ ಬಿನ್ನಹ. ಪ್ರತಿ ಠಾಣೆಯಿಂದ ತಿಂಗಳಿಗೊಂದು ಹಾಳೆ ತರಿಸಿಕೊಳ್ಳಿ: ಈಗಿನ ಅಧಿಕಾರಿ ಬಂದು ಎಷ್ಟು ತಿಂಗಳಾಯಿತು, ಹಿಂದಿನವರು ಎಷ್ಟು ತಿಂಗಳು ಇದ್ದರು, ತನಿಖೆಯಲ್ಲಿದ್ದವರು ಎಷ್ಟು ದಿನ ಬಂದೋಬಸ್ತಿಗೆ ಹೋದರು. ಆ ಹಾಳೆಯನ್ನು ಠಾಣೆಯ ಬಾಗಿಲಲ್ಲೂ ಅಂಟಿಸಲು ಹೇಳಿ.