ಬೆಳಕಿನಿಂದ ಗಟ್ಟಿಯಾಗುವ ಹಲ್ಲಿನ ಫಿಲ್ಲಿಂಗ್: ಆಳದ ಅಳತೆ ಮುಗಿದಿದೆ, ಬಲದ ಪರೀಕ್ಷೆ ಆರಂಭವಾಗಿದೆ

ಹಲ್ಲಿನ ಬಣ್ಣದ ಕಾಂಪೊಸಿಟ್ ಫಿಲ್ಲಿಂಗ್ ನೀಲಿ ಬೆಳಕು ಬಿದ್ದ ಕೆಲವೇ ಸೆಕೆಂಡುಗಳಲ್ಲಿ ಮೇಲ್ಭಾಗದಲ್ಲಿ ಕಲ್ಲಿನಂತಾಗುತ್ತದೆ. ಅದರ ತಳ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಬಾಯಿಯೊಳಗೆ ನೋಡುವ ದಾರಿಯಿಲ್ಲ. ತಳ ಸರಿಯಾಗಿ ಗಟ್ಟಿಯಾಗದಿದ್ದರೆ ಫಿಲ್ಲಿಂಗ್ ಹಲ್ಲಿಗೆ ಹಿಡಿದುಕೊಳ್ಳುವ ಶಕ್ತಿ ಕುಂದುತ್ತದೆ, ಅಂಚಿನಲ್ಲಿ ಸಂದು ಬಿಡುತ್ತದೆ, ಮತ್ತೆ ಹುಳುಕು ಸೇರಲು ಅವಕಾಶವಾಗುತ್ತದೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ ನನಗೆ ದಂತವೈದ್ಯೆಯಾದ ನನ್ನ ಅತ್ತಿಗೆಯವರು ಈ ಪ್ರಶ್ನೆಯನ್ನು ವಿವರಿಸಿದಾಗ, ಮನೆಯ ಮೇಜಿನ ಮೇಲೆಯೇ ಅದರ ಒಂದು ಭಾಗವನ್ನಾದರೂ ಅಳೆಯಬಹುದು ಎನಿಸಿತು. ಬಳಕೆಯ ಅವಧಿ ಮೀರಿದ್ದರಿಂದ ರೋಗಿಗಳಿಗೆ ಉಪಯೋಗಿಸಲಾಗದ ಸಿರಿಂಜುಗಳನ್ನು ಅವರೇ ಕೊಟ್ಟರು. ಇಲ್ಲಿ ಬರುವ ಅಂಕಿಗಳು ಅಂತಹ ಹಳೆಯ ಸಾಮಗ್ರಿಯವು. ಅವು ಒಂದನ್ನೊಂದು ಹೋಲಿಸಲು ಮಾತ್ರ ಉಪಯುಕ್ತ, ಯಾವುದೇ ತಯಾರಕರ ಗುಣಮಟ್ಟ ನಿರ್ಣಯಿಸಲು ಅಲ್ಲ.

ಈ ಸಾಮಗ್ರಿಯ ಬೇರು ರಫಾಯೆಲ್ ಬೋವೆನ್ ಅವರಿಗೆ ಅಮೆರಿಕದಲ್ಲಿ 1962ರಲ್ಲಿ ದೊರೆತ ಪೇಟೆಂಟಿನಲ್ಲಿದೆ. ಅವರು ರೂಪಿಸಿದ ಬಿಸ್-ಜಿಎಂಎ ಎಂಬ ದಪ್ಪ ರಾಳವನ್ನು ಟೆಗ್‌ಡಿಎಂಎಯಂತಹ ತೆಳು ದ್ರವದಿಂದ ಸಡಿಲಗೊಳಿಸಿ, ಅದರಲ್ಲಿ ನುಣ್ಣನೆಯ ಗಾಜಿನ ಕಣಗಳನ್ನು ಸೇರಿಸುತ್ತಾರೆ. ಕಣಗಳು ರಾಳಕ್ಕೆ ಬಿಗಿಯಾಗಿ ಅಂಟಿಕೊಳ್ಳಲೆಂದು ಅವುಗಳ ಮೇಲೆ ಸಿಲೇನ್ ಲೇಪನವಿರುತ್ತದೆ. ಇಂದಿನ ಬಹುಪಾಲು ಕಾಂಪೊಸಿಟ್‌ಗಳಲ್ಲಿ ಬೆಳಕನ್ನು ಹೀರುವ ಕೆಲಸ ಕ್ಯಾಂಫರ್‌ಕ್ವಿನೋನ್‌ನದು. ಅದು ಅತಿ ಹೆಚ್ಚು ಹೀರುವುದು ಸುಮಾರು 468 ನ್ಯಾನೋಮೀಟರ್ ತರಂಗಾಂತರದ ನೀಲಿ ಬೆಳಕನ್ನು. ಬೆಳಕು ತಾಗಿದೊಡನೆ ಅದು ಜೊತೆಗಿರುವ ಅಮೈನ್‌ನೊಂದಿಗೆ ಸೇರಿ ಫ್ರೀ ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ, ಅವು ರಾಳದ ಅಣುಗಳನ್ನು ಸರಪಳಿಯಾಗಿ ಹೆಣೆಯುತ್ತವೆ. ಚೆನ್ನಾಗಿ ಗಟ್ಟಿಯಾದ ಫಿಲ್ಲಿಂಗ್‌ನಲ್ಲೂ ಎಲ್ಲ ಬಂಧಗಳು ಪ್ರತಿಕ್ರಿಯಿಸುವುದಿಲ್ಲ. ಸಾಮಾನ್ಯವಾಗಿ 55ರಿಂದ 75 ಪ್ರತಿಶತ ಮಾತ್ರ ಪರಿವರ್ತನೆ ಹೊಂದುತ್ತವೆ. ಬೆಳಕು ಒಳಗಿಳಿದಂತೆಲ್ಲ ರಾಳ ಅದನ್ನು ಹೀರುತ್ತದೆ, ಗಾಜಿನ ಕಣಗಳು ಚದುರಿಸುತ್ತವೆ, ಆದ್ದರಿಂದ ಆಳಕ್ಕೆ ಹೋದಂತೆ ಈ ಪ್ರಮಾಣ ಇನ್ನೂ ಇಳಿಯುತ್ತದೆ.

ಗಟ್ಟಿಯಾಗುವ ಆಳವನ್ನು ಅಳೆಯಲು ಐಎಸ್‌ಒ 4049 ಮಾನಕದ ಕೆರೆದು ನೋಡುವ ವಿಧಾನವನ್ನು ಅನುಸರಿಸಿದ್ದೇನೆ. 4 ಮಿಲಿಮೀಟರ್ ವ್ಯಾಸ ಮತ್ತು 6 ಮಿಲಿಮೀಟರ್ ಉದ್ದದ ರಂಧ್ರವಿರುವ ಸ್ಟೇನ್‌ಲೆಸ್ ಸ್ಟೀಲ್ ಅಚ್ಚನ್ನು ಲೇತ್ ಕೆಲಸದವರಿಂದ ಮಾಡಿಸಿ, ಅದರಲ್ಲಿ ಸಾಮಗ್ರಿಯನ್ನು ಗಾಳಿಗುಳ್ಳೆ ಇಲ್ಲದಂತೆ ತುಂಬಿ, ಎರಡೂ ತುದಿಗಳನ್ನು ಪಾರದರ್ಶಕ ಪಾಲಿಯೆಸ್ಟರ್ ಹಾಳೆಯಿಂದ ಮುಚ್ಚಿ, ಮೇಲಿನಿಂದ ಬೆಳಕು ಕೊಡುತ್ತೇನೆ. ಹಾಳೆ ಇಲ್ಲದಿದ್ದರೆ ಗಾಳಿಯ ಆಮ್ಲಜನಕ ಪ್ರತಿಕ್ರಿಯೆಯನ್ನು ತಡೆದು ಮೇಲೆ ಅಂಟು ಪದರವೊಂದು ಉಳಿಯುತ್ತದೆ. ಬೆಳಕು ಕೊಟ್ಟ ನಂತರ ತುಂಡನ್ನು ಹೊರತೆಗೆದು, ಕೆಳಭಾಗದ ಮೆತ್ತನೆಯ ಅಂಶವನ್ನು ಪ್ಲಾಸ್ಟಿಕ್ ಚಮಚದಿಂದ ಕೆರೆದು, ಉಳಿದ ಗಟ್ಟಿ ಭಾಗದ ಎತ್ತರವನ್ನು ಮೈಕ್ರೋಮೀಟರಿನಲ್ಲಿ ಅಳೆದು ಎರಡರಿಂದ ಭಾಗಿಸಬೇಕು. ಹೀಗೆ ಭಾಗಿಸುವುದಕ್ಕೆ ಒಳ್ಳೆಯ ಕಾರಣವಿದೆ: ಚಮಚಕ್ಕೆ ಸಿಗದಷ್ಟು ಗಟ್ಟಿಯಾಗಿರುವುದು ಬೇರೆ, ಅಗಿಯುವ ಒತ್ತಡವನ್ನು ತಾಳುವಷ್ಟು ಗಟ್ಟಿಯಾಗಿರುವುದು ಬೇರೆ. ಸಾಮಾನ್ಯ ಛಾಯೆಯ ಸಾಮಗ್ರಿಗೆ ಭಾಗಿಸಿದ ನಂತರ ಕನಿಷ್ಠ 1.5 ಮಿಲಿಮೀಟರ್ ಬರಬೇಕೆಂದು ಮಾನಕ ಹೇಳುತ್ತದೆ.

ನಸು ಬಣ್ಣದ ಎ1 ಛಾಯೆಗೆ 10 ಸೆಕೆಂಡು ಬೆಳಕು ಕೊಟ್ಟಾಗ ಕೆರೆದ ತುಂಡಿನ ಎತ್ತರ ಸುಮಾರು 4.4 ಮಿಲಿಮೀಟರ್ ಇತ್ತು, 20 ಸೆಕೆಂಡಿಗೆ 5.2ರ ಆಸುಪಾಸಿಗೆ ಏರಿತು. 40 ಸೆಕೆಂಡಿಗೆ ಅಚ್ಚಿನ ತುದಿಯವರೆಗೂ ಗಟ್ಟಿಯಾದ್ದರಿಂದ ಆ ಅಳತೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಅದಕ್ಕೆ 10 ಮಿಲಿಮೀಟರ್ ಉದ್ದದ ಇನ್ನೊಂದು ಅಚ್ಚು ತಯಾರಾಗುತ್ತಿದೆ. ಸಮಯ ಇಮ್ಮಡಿಯಾದರೂ ಆಳ ಇಮ್ಮಡಿಯಾಗಲಿಲ್ಲ ಎಂಬುದನ್ನು ಗಮನಿಸಬೇಕು. ಪ್ರತಿ ಮಿಲಿಮೀಟರಿಗೂ ಬೆಳಕು ಒಂದೇ ಅನುಪಾತದಲ್ಲಿ ಕುಗ್ಗುವುದರಿಂದ, ಸಮಯವನ್ನು ಇಮ್ಮಡಿಸಿದಾಗಲೆಲ್ಲ ಆಳಕ್ಕೆ ಸರಿಸುಮಾರು ಅಷ್ಟೇ ಪ್ರಮಾಣ ಸೇರುತ್ತದೆ. ಹೀಗಾಗಿ ದಪ್ಪನಾಗಿ ತುಂಬಿ ಹೆಚ್ಚು ಹೊತ್ತು ಬೆಳಕು ಹಿಡಿಯುವುದಕ್ಕಿಂತ, 2 ಮಿಲಿಮೀಟರಿನ ಪದರಗಳಲ್ಲಿ ತುಂಬುವ ರೂಢಿಯೇ ಹೆಚ್ಚು ಭರವಸೆಯದು ಎಂದು ನನಗೆ ಮನವರಿಕೆಯಾಗಿದೆ. ಗಾಢವಾದ ಎ4 ಛಾಯೆ ಅದೇ 20 ಸೆಕೆಂಡಿಗೆ ಸುಮಾರು 4.1 ಮಿಲಿಮೀಟರಿಗೆ ನಿಂತಿತು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ದೂರದ ಪರಿಣಾಮ. ದವಡೆ ಹಲ್ಲಿನ ಆಳವಾದ ಕುಳಿಯಲ್ಲಿ ದೀಪದ ತುದಿ ಮೊದಲ ಪದರದಿಂದ ಹಲವು ಮಿಲಿಮೀಟರ್ ಮೇಲೆಯೇ ನಿಲ್ಲಬೇಕಾಗುತ್ತದೆ. ದೀಪವನ್ನು 8 ಮಿಲಿಮೀಟರ್ ಎತ್ತರದಲ್ಲಿ ಹಿಡಿದು 20 ಸೆಕೆಂಡು ಬೆಳಕು ಕೊಟ್ಟಾಗ ಎ1 ಛಾಯೆಯ ಎತ್ತರ 4.5ಕ್ಕೆ ಇಳಿಯಿತು, ಅಂದರೆ ಸಮಯವನ್ನು ಅರ್ಧಕ್ಕೆ ಇಳಿಸಿದಾಗ ಸಿಕ್ಕ ಅಳತೆಗೆ ಬಹುತೇಕ ಸಮ. ಆದರೆ ಎರಡೂ ತುಂಡುಗಳ ಮೇಲ್ಮೈಯನ್ನು ಲೋಹದ ಮೊನೆಯಿಂದ ಗೀಚಿದರೆ ಯಾವ ವ್ಯತ್ಯಾಸವೂ ಕೈಗೆ ತಿಳಿಯುವುದಿಲ್ಲ. ಪ್ರತಿ ಚದರ ಸೆಂಟಿಮೀಟರಿಗೆ 1000 ಮಿಲಿವ್ಯಾಟ್ ಬೆಳಕನ್ನು 20 ಸೆಕೆಂಡು ಕೊಟ್ಟರೆ 20 ಜೂಲ್ ಶಕ್ತಿ ಸಲ್ಲುತ್ತದೆ ಎಂಬ ಲೆಕ್ಕ ಸುಲಭ. ಆ 1000 ದೀಪದ ತುದಿಯಲ್ಲಿ ಅಳೆದ ಅಂಕಿ; ಪದರದ ಮೇಲೆ ಬಿದ್ದದ್ದು ಎಷ್ಟೆಂದು ಅದು ಹೇಳುವುದಿಲ್ಲ. ಕೈಯಲ್ಲಿ ಹಿಡಿಯುವ ಮೀಟರುಗಳ ಕಿಂಡಿಯ ಅಳತೆ ದೀಪದ ತುದಿಯ ಅಳತೆಗೆ ಹೊಂದದಿದ್ದರೆ ಅಂಕಿ ಏರುಪೇರಾಗುತ್ತದೆ, ಆದ್ದರಿಂದ ಒಂದೇ ದೀಪ ಕಾಲಕ್ರಮೇಣ ಮಂಕಾಗುತ್ತಿದೆಯೇ ಎಂದು ನೋಡಲು ಮಾತ್ರ ನಾನು ಮೀಟರನ್ನು ಬಳಸುತ್ತಿದ್ದೇನೆ.

ಈಗ ನಡೆಯುತ್ತಿರುವುದು ಬಾಗಿಸಿ ಮುರಿಯುವ ಪರೀಕ್ಷೆ. 25 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ಅಗಲ ಮತ್ತು 2 ಮಿಲಿಮೀಟರ್ ದಪ್ಪದ ಪಟ್ಟಿಯನ್ನು 20 ಮಿಲಿಮೀಟರ್ ಅಂತರದ ಎರಡು ಉಕ್ಕಿನ ಕಡ್ಡಿಗಳ ಮೇಲಿಟ್ಟು ನಡುವೆ ಒತ್ತಬೇಕು. ಈ ಅಳತೆಗಳಲ್ಲಿ ಲೆಕ್ಕ ಬಹಳ ಸರಳವಾಗುತ್ತದೆ: ನ್ಯೂಟನ್‌ಗಳಲ್ಲಿ ಹೇಳಿದ ಬಲವನ್ನು 3.75ರಿಂದ ಗುಣಿಸಿದರೆ ಪಟ್ಟಿ ತಾಳಿದ ಒತ್ತಡ ಮೆಗಾಪಾಸ್ಕಲ್‌ಗಳಲ್ಲಿ ಸಿಗುತ್ತದೆ. ಅಗಿಯುವ ಮೇಲ್ಮೈಗೆ ಬಳಸುವ ಸಾಮಗ್ರಿಗೆ ಮಾನಕ ಕೇಳುವ 80 ಮೆಗಾಪಾಸ್ಕಲ್‌ಗೆ ಬೇಕಾದದ್ದು ಸುಮಾರು 21.3 ನ್ಯೂಟನ್, ಅಂದರೆ ಹೆಚ್ಚುಕಡಿಮೆ 2.2 ಕಿಲೋಗ್ರಾಂ ತೂಕ. ಇಷ್ಟಕ್ಕೆ ದೊಡ್ಡ ಯಂತ್ರ ಬೇಕಿಲ್ಲ ಎಂದು ತಿಳಿದಾಗ ಬಹಳ ಸಂತೋಷವಾಯಿತು. ನಡುವಿನ ಕಡ್ಡಿಗೆ ಸಣ್ಣ ಬಕೆಟ್ ತೂಗುಹಾಕಿ, ಸಣ್ಣ ನಳಿಕೆಯಿಂದ ನೀರು ಬಿಟ್ಟು, ಪಟ್ಟಿ ಮುರಿದೊಡನೆ ನೀರು ನಿಲ್ಲಿಸಿ ತೂಗುತ್ತೇನೆ. ಮಾನಕದ ಯಂತ್ರ ನಿಮಿಷಕ್ಕೆ ಸುಮಾರು 0.75 ಮಿಲಿಮೀಟರ್ ವೇಗದಲ್ಲಿ ಒತ್ತುತ್ತದೆ. ನೀರಿನ ಭಾರದಲ್ಲಿ ಆ ವೇಗವನ್ನು ಹಿಡಿತದಲ್ಲಿಡಲಾಗದು, ಹಾಗಾಗಿ ಈ ಫಲಿತಾಂಶಗಳೂ ಹೋಲಿಕೆಗಷ್ಟೇ.

ಪಟ್ಟಿಗಳನ್ನು ತಯಾರಿಸುವುದು ಮುರಿಯುವುದಕ್ಕಿಂತ ಬಹಳ ಸೂಕ್ಷ್ಮ ಕೆಲಸ. ದೀಪದ ತುದಿ ಪಟ್ಟಿಗಿಂತ ಚಿಕ್ಕದಾದ್ದರಿಂದ ನಡುವಿನಿಂದ ಆರಂಭಿಸಿ, ಹಿಂದಿನ ವೃತ್ತವನ್ನು ಅರ್ಧ ಮುಚ್ಚುವಂತೆ ಸರಿಯುತ್ತ, ಎರಡೂ ಮುಖಗಳಿಗೆ ಬೆಳಕು ಕೊಡಬೇಕು. ದಪ್ಪ ಲೆಕ್ಕದಲ್ಲಿ ವರ್ಗವಾಗಿ ಬರುವುದರಿಂದ 2ರ ಬದಲು 2.1 ಮಿಲಿಮೀಟರ್ ಇದ್ದರೆ ಫಲಿತಾಂಶವೇ ಹತ್ತು ಪ್ರತಿಶತದಷ್ಟು ತಪ್ಪುತ್ತದೆ. ಹೀಗಾಗಿ ಪ್ರತಿಯೊಂದು ಪಟ್ಟಿಯನ್ನೂ ಪ್ರತ್ಯೇಕವಾಗಿ ಅಳೆದು ಲೆಕ್ಕ ಹಾಕುತ್ತಿದ್ದೇನೆ. ದೀಪ ಆರಿದ ಮೇಲೂ ಪ್ರತಿಕ್ರಿಯೆ ನಿಧಾನವಾಗಿ ಮುಂದುವರಿಯುವ ಕಾರಣ, ಮುರಿಯುವ ಮೊದಲು ಅವು 37 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 24 ಗಂಟೆ ಇರುತ್ತವೆ. ಮುರಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿ, ಗಾಳಿಗುಳ್ಳೆಯಿಂದ ಬಿರುಕು ಹೊರಟಿದ್ದರೆ ಆ ಪಟ್ಟಿಯನ್ನು ಬೇರೆಯಾಗಿ ಬರೆದಿಡುತ್ತೇನೆ.

ಇಂತಹ ಪ್ರಯೋಗ ಮಾಡಬಯಸುವವರು ಎರಡು ಎಚ್ಚರಿಕೆಗಳನ್ನು ಖಂಡಿತ ಪಾಲಿಸಬೇಕು. ಗಟ್ಟಿಯಾಗದ ರಾಳ ಚರ್ಮಕ್ಕೆ ಅಲರ್ಜಿ ತರಬಲ್ಲದು, ಮತ್ತು ಅದು ಸಾಮಾನ್ಯ ವೈದ್ಯಕೀಯ ಕೈಗವಸುಗಳನ್ನೂ ಬೇಗನೆ ದಾಟುತ್ತದೆ, ಆದ್ದರಿಂದ ಅದನ್ನು ಕೈಯಿಂದ ಮುಟ್ಟಲೇಬಾರದು. ನೀಲಿ ಬೆಳಕು ಅಕ್ಷಿಪಟಲಕ್ಕೆ ಹಾನಿ ಮಾಡುವಂಥದ್ದು, ಕಿತ್ತಳೆ ಬಣ್ಣದ ರಕ್ಷಣಾ ಕನ್ನಡಕವಿಲ್ಲದೆ ದೀಪ ಹಚ್ಚಬಾರದು.

ಮುಂದಿನ ಹಂತದಲ್ಲಿ 5 ಸೆಕೆಂಡು ಮತ್ತು 20 ಸೆಕೆಂಡು ಬೆಳಕು ಪಡೆದ ಪಟ್ಟಿಗಳನ್ನು ಹೋಲಿಸುತ್ತೇನೆ. ಅರೆಬರೆ ಗಟ್ಟಿಯಾದ ಪಟ್ಟಿ ಮುರಿಯುವ ಮುನ್ನವೇ ಹೆಚ್ಚು ಬಾಗುತ್ತದೆ ಎಂದು ನನ್ನ ನಿರೀಕ್ಷೆ. ಮುರಿಯುವ ಭಾರವೊಂದೇ ಈ ವ್ಯತ್ಯಾಸವನ್ನು ತೋರಿಸಲಾರದು, ಅದಕ್ಕಾಗಿ ನಡುವಿನ ಕಡ್ಡಿಯ ಕೆಳಗೆ ಬಾಗಿದ ಪ್ರಮಾಣವನ್ನು ಅಳೆಯುವ ಡಯಲ್ ಗೇಜ್ ಕೂರಿಸುವ ಚೌಕಟ್ಟನ್ನು ಈಗ ಕೊರೆಯುತ್ತಿದ್ದೇನೆ.